ಆಲ್ವಾ ಪೆಟಿಂಗಿಲ್‌ಗೆ ಬಿದ್ದ ಚೀಟಿ

ಟಾಲ್ಮನ್ ಗುಡ್ಡದ ಆಲ್ವಾ ಪೆಟಿಂಗಿಲ್‌ಗೆ ಮರದ ಬಾನಿ, ಬೆಣ್ಣೆ ಕಡೆಯುವ ಪೀಪಾಯಿ ಮಾಡುವುದು ಕಸುಬು. ಕಂಡದ್ದನ್ನೆಲ್ಲ ಕೆದಕಿ ವಿಚಾರಿಸುವುದು ಚಟ. ಕಸುಬಿನಿಂದ ಹೊಟ್ಟೆ ತುಂಬುತ್ತಿತ್ತು, ಚಟದಿಂದ ಹೆಂಡತಿ ಲವೈನಾಳ ತಲೆ ಕೆಡುತ್ತಿತ್ತು. ಮದುವೆಯಾದ ಹೊಸತರಲ್ಲಿ ಮಾವ ಕೊಟ್ಟ ಗಡಿಯಾರವನ್ನು ಅದರ ಹೊಟ್ಟೆಯೊಳಗೆ ಏನಿದೆಯೋ ನೋಡೋಣವೆಂದು ಬಿಚ್ಚಿ ಮೇಜಿನ ಮೇಲೆ ಹರಡಿದ ಮಹಾಶಯ ಅವನು. ತಿರುಗಿ ಜೋಡಿಸಿದ ಮೇಲೆ ಗಡಿಯಾರ ಚೆನ್ನಾಗಿಯೇ ನಡೆಯಿತು, ಹಿಂದಕ್ಕೆ. ತಗಡಿನ ಪಾತ್ರೆ ಮಾರುವವನು ಗುಡ್ಡ ಹತ್ತಿ ಬಂದರೆ ಮಿಕ್ಕವರು ಲೋಟದ ಬೆಲೆ ಕೇಳುತ್ತಿದ್ದರು, ಆಲ್ವಾ ಅವನ ಕುದುರೆಯ ಕುಲಗೋತ್ರ ಕೇಳುತ್ತಿದ್ದ.

ಅವನ ಕುತೂಹಲಗಳಲ್ಲೆಲ್ಲ ಹಳೆಯದೊಂದಿತ್ತು. ಅಕ್ಟೋಬರ್ ತಿಂಗಳಲ್ಲಿ ಮಾಂಟ್ಪೀಲಿಯರ್ ಪಟ್ಟಣದಲ್ಲಿ ವರ್ಮಾಂಟ್ ರಾಜ್ಯದ ಶಾಸನಸಭೆ ಶುರುವಾಗುತ್ತದಲ್ಲ, ಆ ಮೊದಲ ದಿನ ಅಲ್ಲಿ ಏನೇನಾಗುತ್ತದೆ ಎಂಬುದು. ಊರು ಎಷ್ಟೇ ಸಣ್ಣದಿರಲಿ, ಸಭೆಗೆ ಒಬ್ಬನನ್ನು ಕಳಿಸುವ ಹಕ್ಕು ಅದಕ್ಕಿತ್ತು. ಹಾಗಾಗಿ ಕುರಿಗಳೇ ಹೆಚ್ಚು, ಮನುಷ್ಯರೇ ಕಡಿಮೆ ಇದ್ದ ನಮ್ಮ ಗುಡ್ಡದಿಂದಲೂ ಪ್ರತಿವರ್ಷ ಒಬ್ಬ ಹೋಗುತ್ತಿದ್ದ. ಹೋಗಿ ಬಂದವರನ್ನೆಲ್ಲ ಆಲ್ವಾ ಹುಡುಗನಾಗಿದ್ದಾಗಿನಿಂದ ಹಿಡಿದು ಹಿಡಿದು ಕೇಳಿದ್ದ. ಒಬ್ಬ ಒಲೆ ಹೊಗೆಯುಗುಳುತ್ತದೆ ಎಂದ. ಇನ್ನೊಬ್ಬ ಕಾಲು ತಣ್ಣಗಾಗುತ್ತದೆ ಎಂದ. ಮೂರನೆಯವನು, ಮುದುಕ, ಬಹಳ ಹೊತ್ತು ಯೋಚಿಸಿ, ಬೋರ್ಡಿಂಗ್ ಮನೆಯ ಹುರುಳಿಕಾಯಿ ಬೀಜದ ಪಲ್ಯ ಚೆನ್ನಾಗಿತ್ತು ಎಂದ. ಇಂಥ ಉತ್ತರ ಕೇಳಿಕೇಳಿ ಅವನ ಆಸೆ ಬಲಿಯಿತೇ ಹೊರತು ಆರಲಿಲ್ಲ.

ನಮ್ಮಲ್ಲಿ ಆ ಜಾಗ ಸರದಿಯ ಮೇಲೆ ಹೋಗುವುದು. ಒಮ್ಮೆ ಆಲ್ವಾನ ಸರದಿ ಬಂದಿತ್ತು. ಅದೇ ಶರತ್ಕಾಲದಲ್ಲಿ ಲವೈನಾ ಜ್ವರ ಹಿಡಿದು ಮಲಗಿದಳು. ಅವನ ಬದಲು ಹಿಟ್ಟಿನ ಗಿರಣಿಯ ಹೋಸಿಯಾ ಸ್ಟಿಕ್ನಿ ಹೋದ. ದಪ್ಪ ಮೈಯ, ದಪ್ಪ ದನಿಯ, ಊರಿನ ಅರ್ಧ ಜನಕ್ಕೆ ಹಿಟ್ಟು ಬೀಸಿಕೊಡುವ ಯಜಮಾನ. ತಿರುಗಿ ಬಂದವನನ್ನು ಆಲ್ವಾ ಗಿರಣಿಯ ಬಾಗಿಲಲ್ಲೇ ತಡೆದು ಮೊದಲ ದಿನ ಹೇಗಿತ್ತು ಎಂದು ಕೇಳಿದ. ನಿದ್ದೆ ಚೆನ್ನಾಗಿ ಬಂತು ಎಂದ ಸ್ಟಿಕ್ನಿ. ಆಲ್ವಾ ಅವತ್ತು ಊಟ ಮಾಡಲಿಲ್ಲವಂತೆ.

ಈಗ, ಮಾಂಟ್ಪೀಲಿಯರ್‌ಗೆ ರೈಲು ಬಂದ ಹೊಸತರಲ್ಲಿ, ಆಲ್ವಾನ ಗಡ್ಡಕ್ಕೆ ನರೆ ಬಂದ ಮೇಲೆ, ಸರದಿ ಮತ್ತೆ ತನ್ನದೆಂದು ಅವನು ಎಣಿಸಿದ್ದ. ಸ್ಟಿಕ್ನಿ ಹಾಗೆ ಎಣಿಸಿರಲಿಲ್ಲ. ಹೋದ ಸಲ ಬೇರೆಯವನ ಸರದಿ ತೀರಿಸಿಕೊಟ್ಟೆ, ಈಗ ನನ್ನದು ಬಾಕಿಯಿದೆ ಎಂದ. ಇಬ್ಬರೂ ಸರಿ, ಇಬ್ಬರೂ ಬಿಡರು. ಸೆಪ್ಟೆಂಬರಿನಲ್ಲಿ ಚರ್ಚಿನಲ್ಲಿ ಓಟು ಹಾಕುವ ದಿನ ಒಲೆಯ ಈಚೆ ಆಲ್ವಾನ ಕಡೆಯವರು, ಆಚೆ ಸ್ಟಿಕ್ನಿಯ ಕಡೆಯವರು ನಿಂತರು. ಎರಡೂ ಕಡೆ ತಲೆ ಸಮಸಮ. ಆಲ್ವಾನ ಒಡಹುಟ್ಟಿದ ತಮ್ಮ ರೂಫಸ್ ನಿಂತದ್ದು ಸ್ಟಿಕ್ನಿಯ ಕಡೆ. ಇದಕ್ಕೆ ಯಾರೂ ಹುಬ್ಬೇರಿಸಲಿಲ್ಲ. ಅಣ್ಣ ನಿಂತ ಕಡೆ ಅವನು ನಿಂತು ಇಪ್ಪತ್ತು ವರ್ಷವಾಗಿತ್ತು.

ಆ ಜಗಳದ ಮೂಲ ಒಂದು ಟಗರು. ರೂಫಸ್ ಎಲ್ಲೆಲ್ಲಿಂದಲೋ ಸಾಲ ತಂದು ಒಳ್ಳೆ ತಳಿಯ ಮೆರಿನೋ ಟಗರು ಕೊಂಡ. ಅದು ಕಲ್ಲಿನ ಗೋಡೆ ಹಾರಿ ಅಣ್ಣನ ಮಂದೆಗೆ ನುಗ್ಗಿತು. ಮರಿಗಳಲ್ಲಿ ನನಗೆ ಪಾಲು ಬರಬೇಕೆಂದು ತಮ್ಮ ಕೇಳಿದ. ನನ್ನ ಕುರಿಗಳೇನು ಓಲೆ ಕಳಿಸಿ ಕರೆದಿರಲಿಲ್ಲವಲ್ಲ ಎಂದ ಅಣ್ಣ. ಊರು ನಕ್ಕಿತು. ತಮ್ಮ ನಗಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಭಾನುವಾರ ಚರ್ಚಿನಲ್ಲಿ ಅಪ್ಪನ ಕಾಲದ ಒಂದೇ ಬೆಂಚು, ಒಂದೇ ಕೀರ್ತನೆಯ ಪುಸ್ತಕ. ಎಡತುದಿ ಇವನು ಹಿಡಿದರೆ ಬಲತುದಿ ಅವನು ಹಿಡಿದು, ಒಂದೇ ರಾಗದಲ್ಲಿ ಹಾಡಿ, ಮುಖ ನೋಡದೆ ಮನೆಗೆ ಹೋಗುತ್ತಿದ್ದರು. ಗೋಡೆಯ ಕಲ್ಲು ಬಿದ್ದಾಗ ಹೇಳಲೇಬೇಕಾದ ಮಾತಿದ್ದರೆ ನಾಯಿಗೆ ಹೇಳುತ್ತಿದ್ದರು. ಹೀಗೂ ಬದುಕಬಹುದೇ ಎಂದು ಹೊರಗಿನವರಿಗೆ ಅನ್ನಿಸಬಹುದು. ನಮ್ಮ ಗುಡ್ಡದಲ್ಲಿ ಬದುಕುತ್ತಾರೆ, ಅಷ್ಟೇ ಅಲ್ಲ, ಅದನ್ನೊಂದು ಮರ್ಯಾದೆ ಎಂದೂ ತಿಳಿಯುತ್ತಾರೆ.

ನಮ್ಮ ಇನ್ನೊಂದು ಮರ್ಯಾದೆಯನ್ನೂ ಹೇಳಬೇಕು. ಚುನಾವಣೆಗೆ ನಿಂತವನು ತನ್ನ ಓಟನ್ನು ತನಗೆ ಹಾಕಿಕೊಳ್ಳುವುದಿಲ್ಲ. ಎದುರಾಳಿಗೆ ಹಾಕುತ್ತಾನೆ. ಹಾಗೆಂದು ಕಾನೂನಿಲ್ಲ. ಊಟಕ್ಕೆ ಕರೆದವರ ಮನೆಯಲ್ಲಿ ದೊಡ್ಡ ತುಂಡನ್ನು ತಾನೇ ಎತ್ತಿಕೊಳ್ಳಬಾರದು ಎಂಬುದಕ್ಕೂ ಕಾನೂನಿಲ್ಲ. ಎತ್ತಿಕೊಂಡವನನ್ನು ಮಾತ್ರ ಯಾರೂ ಮತ್ತೆ ಕರೆಯುವುದಿಲ್ಲ.

ಆದ್ದರಿಂದ ಎಲ್ಲರ ಲೆಕ್ಕವೂ ಒಂದೇ ಆಗಿತ್ತು. ಸ್ಟಿಕ್ನಿ ಆಲ್ವಾಗೆ ಹಾಕುತ್ತಾನೆ, ಆಲ್ವಾ ಸ್ಟಿಕ್ನಿಗೆ ಹಾಕುತ್ತಾನೆ, ಸರಿಸಮ ಬರುತ್ತದೆ, ಆಮೇಲೆ ಸೇಬಿನ ರಸ ಕುಡಿಯುತ್ತ ಒಬ್ಬನನ್ನು ಒಪ್ಪಿಸಿದರಾಯಿತು. ಊರಿನ ಕಾನ್‌ಸ್ಟೆಬಲ್ ಚೀಟಿ ಹಾಕಿಸಿಕೊಂಡಿದ್ದ ತನ್ನ ಟೋಪಿಯನ್ನು ಮಗುಚಿ ಒಂದೊಂದನ್ನೇ ಬಿಚ್ಚಿದ. ಆಲ್ವಾ ಎರಡು ಚೀಟಿಯಿಂದ ಗೆದ್ದಿದ್ದ.

ಆಚೆ ನಿಂತವರಲ್ಲಿ ಒಬ್ಬ ಸದ್ದಿಲ್ಲದೆ ಮಗುಚಿ ಆಲ್ವಾಗೆ ಹಾಕಿರಬೇಕು, ಇಲ್ಲವೇ ಆಲ್ವಾ ತನಗೆ ತಾನೇ ಹಾಕಿಕೊಂಡಿರಬೇಕು, ಮೂರನೆಯ ದಾರಿಯಿಲ್ಲ. ಸ್ಟಿಕ್ನಿ ತನ್ನ ಕಡೆಯವರ ಮುಖವನ್ನು ಒಂದೊಂದಾಗಿ ನೋಡಿದ. ಒಬ್ಬರೂ ಕಣ್ಣು ತಗ್ಗಿಸಲಿಲ್ಲ. ಆಮೇಲೆ ಆಲ್ವಾನ ಕಡೆ ತಿರುಗಿದ.

"ನೀನೇ ಹೇಳು, ಆಲ್ವಾ. ನಿಂಗೆ ನೀನೇ ಹಾಕ್ಕೊಂಡ್ಯಾ?"

ಆಲ್ವಾನ ಕೈ ಜೇಬಿಗೆ ಹೋಯಿತು. ಬೆಳಿಗ್ಗೆ ಅವನ ಕಡೆಯ ಹಿರಿಯನೊಬ್ಬ ತಮ್ಮವರಿಗೆಲ್ಲ ಆಲ್ವಾನ ಹೆಸರು ಬರೆದ ಚೀಟಿ ಹಂಚುತ್ತ, ಯಾವ ಗ್ಯಾನದಲ್ಲೋ ಆಲ್ವಾನ ಕೈಗೂ ಒಂದನ್ನು ಇಟ್ಟಿದ್ದ. ಅವನು ಅದನ್ನು ಜೇಬಿಗಿಳಿಸಿದ್ದ. ಸ್ಟಿಕ್ನಿಯ ಹೆಸರು ಬರೆದ ತನ್ನ ಚೀಟಿಯನ್ನೂ ಅದೇ ಜೇಬಿಗೆ ಹಾಕಿದ್ದ. ಕರೆದಾಗ ಒಂದನ್ನು ತೆಗೆದು ಟೋಪಿಗೆ ಹಾಕಿ, ಹೊರಗೆ ಹೋಗಿ ಇನ್ನೊಂದನ್ನು ಉರಿಸಿ ಚಿಲುಮೆ ಹಚ್ಚಿದ್ದ. ಯಾವುದು ಟೋಪಿಗೆ ಹೋಯಿತು, ಯಾವುದು ಚಿಲುಮೆಗೆ? ಜಗತ್ತನ್ನೆಲ್ಲ ಕಣ್ಣರಳಿಸಿ ನೋಡುವ ಮನುಷ್ಯ ಇದೊಂದನ್ನು ನೋಡಿರಲಿಲ್ಲ.

"ಗೊತ್ತಿಲ್ಲ," ಎಂದ ಆಲ್ವಾ.

ಇದಕ್ಕಿಂತ ನಿಜವಾದ ಮಾತನ್ನು ಆ ಚರ್ಚಿನಲ್ಲಿ ಯಾರೂ ಆಡಿರಲಿಕ್ಕಿಲ್ಲ, ಇದಕ್ಕಿಂತ ಕೆಟ್ಟದಾಗಿ ಕೇಳಿಸುವ ಮಾತನ್ನೂ ಆಡಿರಲಿಕ್ಕಿಲ್ಲ. ಸ್ಟಿಕ್ನಿ ಗೊಳ್ಳೆಂದು ನಕ್ಕ. ಗುಡ್ಡದ ಮಟ್ಟಿಗೆ ವಿಷಯ ಅಲ್ಲಿಗೆ ಇತ್ಯರ್ಥವಾಯಿತು: ಆಲ್ವಾ ದೊಡ್ಡ ತುಂಡಿಗೆ ಕೈ ಹಾಕಿದ.

ಸಭೆಗೆ ಹೋಗುವವನಿಗೆ ಊರವರೆಲ್ಲ ಸೇರಿ ಕುಂಬಳದ ಕಡುಬು, ಹುರಿದ ಕೋಳಿ ಮಾಡಿ ಬೀಳ್ಕೊಡುವ ರೂಢಿಯಿತ್ತು. ಆ ವರ್ಷ ಯಾರೂ ಒಲೆ ಹಚ್ಚಲಿಲ್ಲ. ಅವನ ಕಡೆಯವರು ಕೂಡ ದಾರಿಯಲ್ಲಿ ಸಿಕ್ಕಿದರೆ ಹವಾಮಾನದ ಮಾತಾಡಿ ಜಾರಿಕೊಳ್ಳುತ್ತಿದ್ದರು. ಆಲ್ವಾ ರಾತ್ರಿ ಹಗಲು ಲೆಕ್ಕ ಹಾಕಿದ. ಆಚೆಯವರಲ್ಲಿ ಯಾರು ಮಗುಚಿರಬಹುದು? ಕಮ್ಮಾರನೋ? ಅವನು ಸ್ಟಿಕ್ನಿಯ ಬಾಡಿಗೆ ಮನೆಯಲ್ಲಿದ್ದ. ಕಾನ್‌ಸ್ಟೆಬಲ್ಲೋ? ಅವನು ಸ್ಟಿಕ್ನಿಯ ಷಡ್ಡಕ. ತಮ್ಮನ ಹೆಸರೂ ತಲೆಗೆ ಬಂತು, ಒಬ್ಬನೇ ನಕ್ಕುಬಿಟ್ಟ. ಉಳಿದದ್ದು ತಾನೇ.

ಕೊನೆಗೆ ಲವೈನಾಳಿಗೆ ಹೇಳಿದ: ಸಭೆಯ ಮೊದಲ ದಿನ ಎಲ್ಲರೂ ಕೈಯೆತ್ತಿ ಪ್ರಮಾಣ ಮಾಡಬೇಕು. ಹೋಗುತ್ತೇನೆ, ನೋಡುತ್ತೇನೆ. ಅಷ್ಟರಲ್ಲಿ ಆ ಚೀಟಿ ನನ್ನದಲ್ಲ ಎಂದು ಖಾತ್ರಿಯಾಗದಿದ್ದರೆ ಕೈಯೆತ್ತುವುದಿಲ್ಲ, ಜಾಗ ಬಿಟ್ಟು ಬರುತ್ತೇನೆ. ಖಾತ್ರಿ ಆಗೋದು ಹೇಗೆ, ಚಿಲುಮೆ ಬಾಯಿಬಿಡುತ್ತಾ ಎಂದು ಕೇಳಿದಳು ಲವೈನಾ. ಕೇಳಿ, ಶುಂಠಿ ರೊಟ್ಟಿ, ಗಿಣ್ಣು ಕಟ್ಟಿಕೊಟ್ಟು, ಅವನ ಒಳ್ಳೆಯ ಕೋಟಿನ ಧೂಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೊಡವಿದಳು. ಗಂಡ ಜೀವಮಾನವಿಡೀ ಬಯಸಿದ್ದು ಹೀಗೆ ಹುಳಿಯಾಯಿತಲ್ಲ ಎಂದು ಅವಳಿಗೆ ಬೇಸರವಾಗಿತ್ತು.

ಮಾಂಟ್ಪೀಲಿಯರ್‌ನಲ್ಲಿ ಕಿಂಬಲ್ ಎಂಬ ವಿಧವೆಯ ಬೋರ್ಡಿಂಗ್ ಮನೆಯಲ್ಲಿ ಅವನಿಗೆ ಅರ್ಧ ಹಾಸಿಗೆ ಸಿಕ್ಕಿತು. ಉಳಿದರ್ಧದಲ್ಲಿ ಸರೋವರದ ಕಡೆಯ ಸದಸ್ಯನೊಬ್ಬ ಮಂಡಿಗಳನ್ನು ಮಡಚಿ ಗೊರಕೆ ಹೊಡೆಯುತ್ತಿದ್ದ. ಹುರುಳಿಕಾಯಿ ಬೀಜದ ಪಲ್ಯ ನಿಜಕ್ಕೂ ಚೆನ್ನಾಗಿತ್ತು; ಮುದುಕ ಸುಳ್ಳು ಹೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಬೂದುಗಲ್ಲಿನ ಆರು ಕಂಬಗಳ ಕೆಳಗೆ ನಡೆದು ಒಳಗೆ ಹೋದಾಗ ಆಲ್ವಾ ಚೀಟಿಯನ್ನೂ ಮರೆತ, ತನ್ನನ್ನೂ ಮರೆತ. ಅರ್ಧಚಂದ್ರಾಕಾರದಲ್ಲಿ ಸಾಲುಸಾಲು ಕುರ್ಚಿ, ಎದುರಿಗೆ ಎತ್ತರದಲ್ಲಿ ಸಭಾಧ್ಯಕ್ಷನ ಪೀಠ, ಅದರ ಹಿಂದೆ ಕೆಂಪು ಪರದೆ, ಮೇಲೆ ಗ್ಯಾಲರಿಯಲ್ಲಿ ಬಣ್ಣದ ಟೋಪಿಯ ಹೆಂಗಸರು. ಪರದೆಯ ಅಂಚು ಮುಟ್ಟಿ ನೋಡಿದ. ಒಲೆಯ ಕೊಳವೆ ಎಲ್ಲಿಗೆ ಹೋಗುತ್ತದೆಂದು ಕತ್ತೆತ್ತಿ ಹಿಂಬಾಲಿಸಿ ಒಬ್ಬ ಪಾದ್ರಿಗೆ ಡಿಕ್ಕಿ ಹೊಡೆದ. ಒಲೆ ಹೊಗೆಯುಗುಳುತ್ತಿತ್ತು. ಇಷ್ಟೆಲ್ಲ ಇದ್ದೂ ಆ ಗೂಬೆಗಳು ಒಲೆಯ ವಿಷಯ ಮಾತ್ರ ಹೇಳಿದರಲ್ಲ ಎಂದು ಊರಿನ ಹಿರಿಯರ ಮೇಲೆ ಅವನಿಗೆ ಕೋಪವೇ ಬಂತು.

ಮೊದಲ ಕೆಲಸ ಕುರ್ಚಿ ಹಂಚುವುದು. ಎಲ್ಲರೂ ಕುರ್ಚಿ ಬಿಟ್ಟು ಹಿಂದಿನ ಗೋಡೆಗೆ ಹೋಗಿ ನಿಲ್ಲಬೇಕು. ಗುಮಾಸ್ತ ಪೆಟ್ಟಿಗೆಯಿಂದ ಹೆಸರು ಎತ್ತಿ ಕೂಗುತ್ತಾನೆ. ಕರೆದವನು ಹೋಗಿ ತನಗೆ ಬೇಕಾದ ಕುರ್ಚಿ ಹಿಡಿಯುತ್ತಾನೆ. ನ್ಯಾಯಾಧೀಶನಾಗಿದ್ದವನೂ ಬಾನಿ ಮಾಡುವವನೂ ಒಟ್ಟಿಗೆ ಗೋಡೆಗೆ ಒರಗಿ ಶಾಲೆಯ ಮಕ್ಕಳ ಹಾಗೆ ಕಾಯುವುದನ್ನು ನೋಡಿ ಆಲ್ವಾಗೆ ಬಲು ಖುಷಿಯಾಯಿತು. ಪೀಠದ ಎದುರಿನ ಸಾಲಿನಲ್ಲಿ ಒಂದು ಕುರ್ಚಿಯ ಮೇಲೆ ಕಣ್ಣಿಟ್ಟ. ಅದು ಹೋಯಿತು. ಅದರ ಪಕ್ಕದ್ದೂ ಹೋಯಿತು. ಆಮೇಲೆ ಇಡೀ ಸಾಲು ಹೋಯಿತು. ಟಾಲ್ಮನ್ ಗುಡ್ಡದ ಹೆಸರು ಬಂದದ್ದು ಕೊನೆಯಿಂದ ಎರಡನೆಯದಾಗಿ. ಆಗ ಉಳಿದಿದ್ದವು ಪಕ್ಕದ ಗೋಡೆಯ ಮೂಲೆಯಲ್ಲಿ, ಒಲೆಯ ಹಿಂದೆ, ಓರೆಯಾಗಿ ತಿರುಗಿಸಿಟ್ಟ ಎರಡೇ ಕುರ್ಚಿ. ಅಲ್ಲಿ ಕೂತವನಿಗೆ ಸಭಾಧ್ಯಕ್ಷ ಕಾಣಿಸುವುದಿಲ್ಲ, ಪೀಠ ಕಾಣಿಸುವುದಿಲ್ಲ. ಗ್ಯಾಲರಿ ಮಾತ್ರ ಇಡಿಯಾಗಿ ಕಾಣುತ್ತದೆ. ಸಭೆಯನ್ನು ನೋಡಬೇಕೆಂದು ಹುಟ್ಟಿದಾಗಿನಿಂದ ಒದ್ದಾಡಿದವನಿಗೆ ಸಭೆ ನೋಡಲು ಬಂದವರನ್ನು ನೋಡುವ ಜಾಗ ಸಿಕ್ಕಿತು.

ಎರಡನೆಯ ಕುರ್ಚಿಗೆ ಬಂದವನು ನದೀತೀರದ ದೊಡ್ಡ ಊರಿನ ವಕೀಲ, ಸಭಾಧ್ಯಕ್ಷತೆಗೆ ನಿಂತವನು. ಇಂಥ ಕುರ್ಚಿ ಸಿಕ್ಕಿತಲ್ಲ ಎಂದು ಆಲ್ವಾ ಮರುಗಿದ. ಮಧ್ಯಾಹ್ನದ ಹೊತ್ತಿಗೆ ನಾನು ಆ ಪೀಠದಲ್ಲಿ ಇರುತ್ತೇನೆ, ಈ ಕುರ್ಚಿಯ ಮೇಲೆ ನಿನ್ನ ಟೋಪಿ ಇಟ್ಟುಕೋ ಎಂದು ವಕೀಲ ಧಾರಾಳವಾಗಿ ಹೇಳಿದ. ಚೀಟಿ ಬರೆಯುವ ಹೊತ್ತು ಬಂತು. ವಕೀಲ ಮಂಡಿಯ ಮೇಲೆ ಕಾಗದವಿಟ್ಟು, ಮರೆಮಾಚದೆ, ದೊಡ್ಡ ಅಕ್ಷರದಲ್ಲಿ ತನ್ನ ಹೆಸರನ್ನೇ ಬರೆದ. ಆಲ್ವಾ ಬಾಯಿ ತೆರೆದು ನೋಡಿದ.

"ತಮಗೇ ಹಾಕ್ಕೊಂಡ್ರಾ?"

"ಮತ್ಯಾರಿಗ್ರೀ ಹಾಕ್ಲಿ? ನನ್ನ ನಾನೇ ನಂಬ್ದೇ ಇದ್ರೆ ಇವರು ನಂಬ್ತಾರಾ?"

ಮಾತು ಸರಿಯಾಗಿಯೇ ಇತ್ತು. ತನ್ನ ಚೀಟಿ ತನಗೇ ಬಿದ್ದಿದ್ದರೂ ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ ಎಂದು ಆಲ್ವಾಗೆ ತಿಳಿಯಿತು. ಅದನ್ನು ಹಿಡಿದುಕೊಂಡು ಹಾಯಾಗಿರಬಹುದಿತ್ತು. ಆದರೆ ಅವನು ಇಲ್ಲಿಯವನಲ್ಲ. ಗುಡ್ಡದ ಮೇಲೆ ನಾಚಿಕೆಯಾದದ್ದು ಬಯಲಿಗೆ ಇಳಿದ ಮಾತ್ರಕ್ಕೆ ನಾಚಿಕೆಯಲ್ಲದೆ ಹೋಗುವುದಿಲ್ಲ, ನನ್ನ ಗಂಟಲಲ್ಲಿ ಈ ತುತ್ತು ಇಳಿಯುವುದಿಲ್ಲ ಎಂದುಕೊಂಡು ಅವನು ತನ್ನ ಚೀಟಿಯನ್ನು ವಕೀಲನ ಎದುರಾಳಿಗೆ ಬರೆದ, ತನಗೆ ತಾನೇ ಹಾಕಿಕೊಂಡವನಿಗಿಂತ ಮುಖ ಕಾಣದವನೇ ವಾಸಿಯೆಂದು. ವಕೀಲ ಗೆದ್ದ. ಚಪ್ಪಾಳೆ ಕೇಳಿಸಿತು, ಕಾಣಿಸಿದ್ದು ಗ್ಯಾಲರಿ.

ಅಲ್ಲಿ ಹೋಸಿಯಾ ಸ್ಟಿಕ್ನಿ ಕೂತಿದ್ದ. ಪಕ್ಕದಲ್ಲಿ ಕಾನ್‌ಸ್ಟೆಬಲ್. ಅವನ ಪಕ್ಕದಲ್ಲಿ, ಒಳ್ಳೆಯ ಕರಿಯ ಕೋಟು ತೊಟ್ಟು, ರೂಫಸ್.

ಸ್ಟಿಕ್ನಿ ಬಂದದ್ದು ಅರ್ಥವಾಗುವಂಥದು. ತಾನು ಕೂರಬೇಕಿದ್ದ ಕಡೆ ಬೇರೊಬ್ಬ ಕೂತದ್ದನ್ನು ನೋಡಿ ಹೊಟ್ಟೆ ಉರಿಸಿಕೊಳ್ಳಲು ಎಷ್ಟು ದೂರದಿಂದಲಾದರೂ ಬರಬಹುದು. ರೂಫಸ್ ಯಾಕೆ ಬಂದ? ಅವನ ಮಗಳನ್ನು ಸ್ಟಿಕ್ನಿಯ ಮಗನಿಗೆ ಕೊಡುವ ಮಾತಾಗಿತ್ತು ನಿಜ, ಬೀಗನ ಗಾಡಿಯಲ್ಲಿ ಜಾಗವಿತ್ತು ನಿಜ. ಆದರೆ ಪಕ್ಕದ ಊರಿನ ಕುರಿಸಂತೆಗೇ ಹೋಗದವನು ಅವನು. ಗ್ಯಾಲರಿಯ ಜನವೆಲ್ಲ ಹೊಸ ಸಭಾಧ್ಯಕ್ಷನನ್ನು ನೋಡುತ್ತಿದ್ದರೆ ರೂಫಸ್ ಒಲೆಯ ಹಿಂದಿನ ಮೂಲೆಯನ್ನು ನೋಡುತ್ತಿದ್ದ. ಅಣ್ಣನ ಕಣ್ಣಿಗೆ ಕಣ್ಣು ಸಿಕ್ಕಿದ್ದೇ ತಡ ಛಾವಣಿಯ ದೀಪಗುಚ್ಛವನ್ನು ಪರೀಕ್ಷೆ ಮಾಡತೊಡಗಿದ. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದ. ಆಲ್ವಾಗೆ ಮುಂದೆ ಸಭೆಯಲ್ಲಿ ಏನಾಯಿತೆಂಬುದೇ ತಿಳಿಯಲಿಲ್ಲ.

ಮಧ್ಯಾಹ್ನದ ಊಟಕ್ಕೆ ಬಿಟ್ಟರು. ಊಟವಾದ ಮೇಲೆ ಪ್ರಮಾಣ. ಕಂಬಗಳ ಸಾಲಿಗೆ ಬರುವ ಹೊತ್ತಿಗೆ ಕೆಳಗಿನ ರಸ್ತೆಯಲ್ಲಿ ಫಿರಂಗಿ ಸಿಡಿಯಿತು. ಗವರ್ನರ್ ಬರುತ್ತಿದ್ದಾರೆಂದು ಕೂಗೆದ್ದು, ಸದಸ್ಯರು, ಹೆಂಗಸರು, ನಾಯಿಗಳು ಎಲ್ಲ ಮೆಟ್ಟಿಲಿಳಿದು ಓಡಿದರು. ಕಹಳೆಯವರು ಊದತೊಡಗಿದರು. ಗವರ್ನರನ ಮುಂದೆ ಬರುವ ಕುದುರೆ ಸವಾರರ ಪಡೆಯನ್ನು ಆಲ್ವಾ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅದನ್ನು ನೋಡಲು ಅವನು ಏನನ್ನು ಬೇಕಾದರೂ ಕೊಡುತ್ತಿದ್ದ. ಆದರೂ ಕದಲಲಿಲ್ಲ. ಅವನ ಪಕ್ಕದ ಕಂಬದ ಬಳಿ ರೂಫಸ್ ನಿಂತಿದ್ದ.

ನಾಯಿ ಇರಲಿಲ್ಲ. ರೂಫಸ್ ಕಂಬಕ್ಕೆ ಹೇಳಿದ:

"ಗೊತ್ತಿಲ್ಲ ಅಂತೆ. ಯಾವನಾದ್ರೂ ಹಂಗಂತಾನಾ? ಇಲ್ಲ ಅಂದಿದ್ರೆ ಮುಗೀತಿತ್ತು."

ಆಲ್ವಾ ತನ್ನ ಕಡೆಯ ಕಂಬಕ್ಕೆ, ಗೊತ್ತಿಲ್ಲದ್ದನ್ನು ಇಲ್ಲ ಎನ್ನುವುದು ಹೇಗೆ ಎಂದು ಕೇಳಿದ. ಎರಡು ಚೀಟಿಯ ಕತೆಯನ್ನೂ ಕಂಬಕ್ಕೇ ಹೇಳಿದ. ಕತೆ ಕೇಳುತ್ತ ರೂಫಸ್ ಕಂಬವನ್ನು ಬಿಟ್ಟು ಅಣ್ಣನ ಮುಖ ನೋಡಿದ. ಅಷ್ಟು ಹತ್ತಿರದಿಂದ ನೋಡಿ ವರ್ಷಗಳಾಗಿದ್ದವು. ಇವನು ಮುದುಕನಾಗಿಬಿಟ್ಟಿದ್ದಾನೆ ಎಂದು ಇಬ್ಬರಿಗೂ ಒಟ್ಟಿಗೇ ಅನ್ನಿಸಿತು.

"ನಿನ್ನ ಚೀಟಿ ಸ್ಟಿಕ್ನಿಗೇ ಬಿದ್ದಿದ್ದು ಕಣೋ ಪೆದ್ದ," ಎಂದ ರೂಫಸ್. "ಮಗುಚಿದ್ದು ನಾನು. ನೀನೂ ನಿಂಗೇ ಹಾಕ್ಕೊಂಡಿದ್ರೆ ನಾಕು ಚೀಟಿಯಿಂದ ಗೆಲ್ತಿದ್ದೆ."

ಆಲ್ವಾನ ಬಾಯಿಂದ ಬಂದದ್ದು ಅವನ ಹಳೆಯ ಮಾತೇ: "ಯಾಕೆ?"

"ಯಾಕೆ ಅಂದ್ರೆ? ಚಿಕ್ಕವನಾಗಿದ್ದಾಗ ಒಂದೇ ಹಾಸಿಗೇಲಿ ಮಲಗಿ, ಅಲ್ಲಿ ಮೊದಲ್ನೇ ದಿನ ಏನ್ ಮಾಡ್ತಾರೋ ರೂಫಸ್, ಹೆಂಗ್ ಕೂರ್ತಾರೋ ರೂಫಸ್ ಅಂತ ನನ್ನ ನಿದ್ದೆ ಕೆಡಿಸ್ತಿದ್ದೆ. ಸ್ಟಿಕ್ನಿ ಬಂದಿದ್ರೆ ಮತ್ತೆ ನಿದ್ದೆ ಮಾಡ್ತಿದ್ದ. ಒಬ್ಬನಾದ್ರೂ ಎದ್ದಿರ್ಲಿ ಅಂತ ಹಾಕ್ದೆ."

ಆಲ್ವಾಗೆ ಚೀಟಿ ತನ್ನದಲ್ಲವೆಂಬ ನಿರಾಳ ಒಂದು ಕಡೆ. ಈ ಮೊದ್ದು ತಮ್ಮನ ಮೇಲೆ ಎಷ್ಟೋ ವರ್ಷ ಕಟ್ಟಿಟ್ಟ ಪ್ರೀತಿ ಇನ್ನೊಂದು ಕಡೆ. ಅದನ್ನು ಹೇಳಲು ಬಾರದೆ, ಹಾಗಾದರೆ ಊರಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದ. ಮಗಳ ಮದುವೆ ಇದೆಯಲ್ಲ ಎಂದ ರೂಫಸ್. ಬೀಗನಾಗುವವನೇ ತನಗೆ ಕೈಕೊಟ್ಟನೆಂದು ಗೊತ್ತಾದರೆ ಸ್ಟಿಕ್ನಿ ಸುಮ್ಮನಿರುವುದಿಲ್ಲ, ಹುಡುಗಿ ಆ ಹುಡುಗನಿಗೆ ಜೀವ ಬಿಡುತ್ತಾಳೆ. ಅಣ್ಣನಿಗೆ ಹೇಳಿದರೆ ಸಾಕು, ಅಣ್ಣ ಕೈಯೆತ್ತಿ ಪ್ರಮಾಣ ಮಾಡಿದರೆ ಸಾಕು ಎಂದು ಇಷ್ಟು ದೂರ ಬಂದದ್ದು.

ಅಷ್ಟರಲ್ಲಿ ಗವರ್ನರನ ಮೆರವಣಿಗೆ ದಾಟಿ ಹೋಗಿ ಜನ ಮೆಟ್ಟಿಲು ಹತ್ತತೊಡಗಿದರು. ಮುಂದಾಗಿ ಸ್ಟಿಕ್ನಿ, ಹಿಂದೆ ಕಾನ್‌ಸ್ಟೆಬಲ್. ಸ್ಟಿಕ್ನಿಗೆ ಅಲ್ಲಿ ಕಂಡದ್ದು ಆಲ್ವಾ ಒಬ್ಬನೇ. ರೂಫಸ್ ಕಂಬದ ಹಿಂದೆ ಸರಿದಿದ್ದ. ಸ್ಟಿಕ್ನಿ ನಿಂತ. ಇನ್ನರ್ಧ ಗಂಟೆಗೆ ಕೈಯೆತ್ತಿ ದೇವರ ಹೆಸರು ಹೇಳುತ್ತೀಯಲ್ಲ, ಅದಕ್ಕೆ ಮೊದಲು ನಿನ್ನ ಊರವನಿಗೆ ಸರಿಯಾದ ಒಂದು ಉತ್ತರ ಕೊಡು ಎಂದ. ಬೇರೆ ಊರಿನ ಸದಸ್ಯರು ಕೆಲವರು ಏನೋ ಇದೆಯೆಂದು ಕಿವಿ ನಿಮಿರಿಸಿ ನಿಂತರು. ಅಲ್ಲಿದ್ದವರೆಲ್ಲರ ಎದುರಿಗೆ ಸ್ಟಿಕ್ನಿ ಕೇಳಿದ:

"ನಿಂಗೆ ನೀನೇ ಹಾಕ್ಕೊಂಡ್ಯೋ ಇಲ್ವೋ?"

ಈಗ ಆಲ್ವಾಗೆ ಉತ್ತರ ಗೊತ್ತಿತ್ತು. ಇಲ್ಲ ಎಂಬ ಒಂದು ಮಾತು ಸಾಕಿತ್ತು, ತಲೆಯೆತ್ತಿ ಒಳಗೆ ಹೋಗಬಹುದಿತ್ತು. ಆದರೆ ತಾನಲ್ಲವೆಂದರೆ ಮತ್ಯಾರು ಎಂದು ಸ್ಟಿಕ್ನಿ ಗುಡ್ಡಕ್ಕೆ ಹೋಗಿ ಒಬ್ಬೊಬ್ಬರನ್ನೂ ಹಿಂಡುತ್ತಾನೆ. ರೂಫಸ್ ಹಿಂಡಿದರೆ ಒಸರುವ ಜಾತಿ. ತಮ್ಮನ ಮಗಳು ಆಲ್ವಾಗೆ ಸ್ವಂತ ಮಗಳಿದ್ದ ಹಾಗೆ; ಆ ಹುಡುಗಿ ಹುಟ್ಟಿದಾಗ ತೊಟ್ಟಿಲು ಮಾಡಿ, ನಾಯಿಯ ಜೊತೆ ಮಾತಾಡಿ, ತಮ್ಮನ ಬಾಗಿಲಲ್ಲಿ ಇಟ್ಟು ಬಂದವನು ಅವನು.

"ಹೌದು," ಎಂದ ಆಲ್ವಾ. "ನಂಗೇ ಹಾಕ್ಕೊಂಡೆ. ಆಸೆ ಇತ್ತು, ಹಾಕ್ಕೊಂಡೆ."

ನನಗೆ ತಿಳಿದ ಮಟ್ಟಿಗೆ ಅವನ ಬದುಕಿನಲ್ಲಿ ಅದೊಂದೇ ಸುಳ್ಳು. ಹೇಳಿದವನಿಗೆ ತನ್ನದೇ ದನಿ ಅಪರಿಚಿತವಾಗಿ ಕೇಳಿಸಿತು. ಕಾನ್‌ಸ್ಟೆಬಲ್ ಮುಖ ತಿರುಗಿಸಿದ. ಸ್ಟಿಕ್ನಿ ಗೆದ್ದವನ ನಗು ನಗಲು ಬಾಯಿ ತೆರೆದ. ಆಗ ಕಂಬದ ಹಿಂದಿನಿಂದ ರೂಫಸ್ ಈಚೆ ಬಂದ. ಮುಖ ಕೆಂಪಾಗಿತ್ತು.

"ಹೋಸಿಯಾ, ಸುಳ್ಳು ಹೇಳ್ತಿದಾನೆ ಇವ್ನು. ಇವನ ಓಟು ನಿಂಗೇ ಬಿತ್ತು. ನಿಂಗೆ ಹಾಕದೇ ಹೋದೋನು ನಾನು. ಬೈಯೋದಿದ್ರೆ ನನ್ನ ಬೈ, ನನ್ನ ಮಗಳ ಮೇಲೆ ತೀರಿಸ್ಬೇಡ."

ಸ್ಟಿಕ್ನಿ ರೂಫಸ್‌ನನ್ನು ನೋಡಿದ, ಆಲ್ವಾನನ್ನು ನೋಡಿದ. ಒರಟ ಅವನು, ಆದರೆ ಕೆಟ್ಟವನಲ್ಲ. ಹಾಗಾದರೆ ನನ್ನ ಎದುರಾಳಿ ನನಗೆ ಹಾಕಿದ, ನನ್ನ ಬೀಗ ಹಾಕಲಿಲ್ಲ, ಎಂದು ತನಗೆ ತಾನೇ ಲೆಕ್ಕ ಒಪ್ಪಿಸಿಕೊಳ್ಳುವವನ ಹಾಗೆ ಅಂದ. ಆಲ್ವಾನ ಕಡೆ ನೋಡಿ ಟೋಪಿಯ ಅಂಚು ಮುಟ್ಟಿದ. ನಮ್ಮ ಕಡೆ ಗಂಡಸರು ಇದಕ್ಕಿಂತ ಹೆಚ್ಚು ಕ್ಷಮೆ ಕೇಳುವುದಿಲ್ಲ. ಆಮೇಲೆ ಗಾಡಿಯತ್ತ ಇಳಿದು ಹೋದ. ಮದುವೆಯೇನೋ ಮುಂದಿನ ಬೇಸಿಗೆಯಲ್ಲಿ ನಡೆಯಿತು, ಆದರೆ ಊಟದ ಮೇಜಿನಲ್ಲಿ ಸ್ಟಿಕ್ನಿ ಬೀಗನ ಪಕ್ಕ ಕೂರಲಿಲ್ಲ. ಬೀಗನ ಅಣ್ಣನ ಪಕ್ಕ ಕೂತ.

ಊಟದ ನಂತರ ಸಭೆ ಸೇರಿತು. ಜಿಲ್ಲೆ ಜಿಲ್ಲೆಯಾಗಿ, ಊರು ಊರಾಗಿ ಕರೆದರು. ಟಾಲ್ಮನ್ ಗುಡ್ಡ ಎಂದಾಗ ಆಲ್ವಾ ಎದ್ದು ನಿಂತು ಕೈಯೆತ್ತಿದ. ಪ್ರಮಾಣ ಮಾಡಿಸುವವನ ಮುಖ ಒಲೆಯ ಕೊಳವೆಯ ಮರೆಯಲ್ಲಿತ್ತು. ದನಿಯನ್ನಷ್ಟೇ ಕೇಳಿ, ಹೇಳಿದ್ದನ್ನು ಹೇಳಿದ. ಎದುರಿಗೆ ಕಾಣುತ್ತಿದ್ದದ್ದು ಗ್ಯಾಲರಿ. ರೂಫಸ್ 'ಸರಿ ಬಿಡು' ಎನ್ನುವ ಮುಖ ಮಾಡಿಕೊಂಡು ಮುಂದಿನ ಬೆಂಚಿನ ತುದಿಯಲ್ಲಿ ಕೂತಿದ್ದ. ಆಗಲೇ ಅವನ ಪಕ್ಕದ ನೀಲಿ ಟೋಪಿಯ ಹೆಂಗಸೊಬ್ಬಳು ಒಲೆಯ ಮೂಲೆಯ ಕಡೆ ಬೆರಳು ತೋರಿಸಿ ಅವನನ್ನು ಏನೋ ಕೇಳಿದಳು. ರೂಫಸ್ ಏನೋ ಹೇಳಿದ. ಅವಳು ನಕ್ಕು ತಲೆಯಾಡಿಸಿದಳು.

ಸಂಜೆಯವರೆಗೂ ಆಲ್ವಾಗೆ ಅದೇ ಕೊರೆತ. ಪಾದ್ರಿ ಪ್ರಾರ್ಥನೆ ಮಾಡಿದ, ಗವರ್ನರ್ ಬಂದು ಭಾಷಣ ಓದಿದ, ಆಲ್ವಾ ಕೇಳಿಸಿಕೊಂಡದ್ದು ಅಷ್ಟಕ್ಕಷ್ಟೆ. ಸಭೆ ಮುಗಿದದ್ದೇ ಹೊರಗೆ ಓಡಿಬಂದು ಮೆಟ್ಟಿಲ ಮೇಲೆ ತಮ್ಮನನ್ನು ಹಿಡಿದ. ಸ್ಟಿಕ್ನಿಯ ಗಾಡಿ ಹೊರಟುಹೋಗಿತ್ತು. ರೂಫಸ್ ಇನ್ನು ರೈಲಿನಲ್ಲಿ ಹೋಗಿ, ಅಲ್ಲಿಂದ ಗುಡ್ಡವನ್ನು ನಡೆದೇ ಹತ್ತಬೇಕಿತ್ತು.

"ಆ ಹೆಂಗಸು ಏನ್ ಕೇಳಿದ್ಲು?"

"ಯಾವ ಹೆಂಗಸು?"

"ನೀಲಿ ಟೋಪಿ. ನನ್ನ ತೋರಿಸಿ ಏನೋ ಕೇಳಿದ್ಲಲ್ಲ."

ಮೂಲೇಲಿ ಒಲೆ ಹಿಂದೆ ಕತ್ತು ಉದ್ದ ಮಾಡಿಕೊಂಡು ಎಲ್ಲಾರನ್ನೂ ಪಿಳಿಪಿಳಿ ನೋಡ್ತಿರೋ ಆ ಪ್ರಾಣಿ ಯಾವುದು ಎಂದು ಕೇಳಿದಳು ಎಂದ ರೂಫಸ್.

"ನೀನೇನಂದೆ?"

ರೂಫಸ್ ಕೋಟಿನ ಗುಂಡಿ ಹಾಕಿಕೊಂಡ, ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ.

"ನಮ್ಮಣ್ಣ ಅಂದೆ," ಎಂದ. "ಇನ್ನೇನ್ ಅನ್ಲಿ?"